ಸಂತಾನ ಬಯಸುವವರು ಸೀಸದಿಂದ ದೂರವಿರಲಿ

ಮಕ್ಕಳಾಗದಿದ್ದರೆ ಮೊದಲು ಸೊಸೆಯನ್ನೇ ತಪಾಸಣೆಗೆ ಕಳುಹಿಸುವ ರೂಢಿ ನಮ್ಮಲ್ಲಿದೆ. ಮಗನ ವೀರ್ಯಪರೀಕ್ಷೆಯೂ ಅಷ್ಟೇ ಅವಶ್ಯಕ. ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ದೇಹದಲ್ಲಿ ಸಂಚಯವಾದರೆ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕುಗ್ಗುತ್ತವೆ.

ಹಿರಿಯೂರಿನ ಹೆದ್ದಾರಿ ಬದಿಯಲ್ಲಾಗಲಿ ಬೇರೆಲ್ಲಾಗಲಿ, ಹಳೆಯ ಬ್ಯಾಟರಿ ಬಿಚ್ಚುವವರು, ಹಳೆಯ ಬಣ್ಣ ಕೆರೆಯುವವರು ಸೀಸದ ಸಮೀಪದಲ್ಲಿರುತ್ತಾರೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಇದೆ. ಇಂಥವರೂ, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಗಣಿಧೂಳಿನಲ್ಲಿ ಕಾಯಕ ಮಾಡುವವರೂ ಕೈ ತೊಳೆಯದೆ ಪ್ರಸಾದ ಸ್ವೀಕರಿಸಬಾರದು; ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಆಹಾರವೂ ರಕ್ಷಣೆ ನೀಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣಾಂಶ ಕಡಿಮೆಯಿರುವ ದೇಹವು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ. ಮುದ್ದೆಯ ಜೊತೆಗೆ ನುಗ್ಗೆಸೊಪ್ಪು, ಹುರುಳಿ, ಎಳ್ಳು ಇರಲಿ. ನೆಲ್ಲಿಕಾಯಿಯು ಕಬ್ಬಿಣಾಂಶ ಹೀರಲು ನೆರವಾಗುತ್ತದೆ. ಆದರೆ ಈಗಾಗಲೇ ಸೇರಿದ ಸೀಸವನ್ನು ಇವು ತೊಳೆದುಹಾಕುತ್ತವೆಂದು ನಾವು ಹೇಳಲಾರೆವು.

ಆಯುರ್ವೇದ ವೈದ್ಯರಾದ ನಾವೇ ಎಚ್ಚರಿಸಬೇಕಾದ ಮಾತೊಂದಿದೆ. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಔಷಧಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ನಾಗಭಸ್ಮದ ಮೂಲದ್ರವ್ಯವೇ ಸೀಸ. ಆದ್ದರಿಂದ ತಯಾರಕರ ಹೆಸರಿಲ್ಲದ ಶಕ್ತಿವರ್ಧಕ ಪುಡಿ ಬೇಡ. ಭಸ್ಮವನ್ನು ಸ್ವಂತವಾಗಿ ಸೇವಿಸುವುದಂತೂ ಬೇಡವೇ ಬೇಡ.

ಸೀಸದೊಡನೆ ಕೆಲಸ ಮಾಡುವವರು ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷಿಸಿಕೊಳ್ಳಲಿ. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಸಂಪರ್ಕ ತಪ್ಪಿಸಿ, ಮೂರು ತಿಂಗಳು ಪಥ್ಯದಲ್ಲಿದ್ದು, ವೀರ್ಯವನ್ನು ಮತ್ತೆ ಪರೀಕ್ಷಿಸಿಕೊಳ್ಳಿರಿ. ಅಲ್ಲಿಯವರೆಗೆ ಮನೆಯ ಸೊಸೆಯನ್ನು ದೂರದಿರಿ.