ಎರಡು ವರ್ಷದ ತಂಡ, ಮೂರು ಆಟದ ತವರು

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಲೇಖನವೇ ಎಂದು ಮಿತ್ರರು ಮೂಗು ಮುರಿಯಬಹುದು. ಸಂಪಾದಕರೂ ಮೊದಲು ಹಾಗೇ ಕೇಳಿದರು. ನಾನು ಕಾಮರ್ಸ್ ವಿದ್ಯಾರ್ಥಿ, ಕವಿತೆ ನನಗೆ ಒಲಿಯಲಿಲ್ಲ. ಆದರೆ ಲೆಕ್ಕ ಬಿಡಿಸಿ ಹೇಳುವುದು ಅಷ್ಟಿಷ್ಟು ಬರುತ್ತದೆ. ಈ ಲೇಖನದಲ್ಲಿ ಒಂದು ವೃತ್ತಿಪರ ತಂಡದ ಒಂದು ಋತುವಿನ ಲೆಕ್ಕ ಬಿಡಿಸುತ್ತೇನೆ. ಆಟ ಗೊತ್ತಿಲ್ಲದವರೂ ಓದಬಹುದು, ಯಾಕೆಂದರೆ ಇದರಲ್ಲಿ ಆಟದಷ್ಟೇ ನೀರಿನ ಮಾತೂ ಇದೆ.

2016ರ ಬೇಸಿಗೆ. ನಾನಾಗ ರಾಯಚೂರು ಜಿಲ್ಲೆಯ ನಮ್ಮೂರಿನ ಕನ್ನಡ ಶಾಲೆಯ ಹುಡುಗ. ರಜೆಗೆ ಅವ್ವ ನನ್ನನ್ನು ವಿಜಯವಾಡಕ್ಕೆ, ಮಾಮಾನ ಮನೆಗೆ ಕಳಿಸಿದ್ದಳು. ಮಾಮಾ ಅಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ. ಹೋಟೆಲಿನ ಗೋಡೆಗೆ ಒಂದು ಟೀವಿ. ಸಂಜೆಯಾದರೆ ಅದರ ಮುಂದೆ ಸಪ್ಲೈಯರುಗಳು, ಗಿರಾಕಿಗಳು, ಆಟೋದವರು ಎಲ್ಲ ಸೇರುತ್ತಿದ್ದರು. ಆ ವರ್ಷ ಅಲ್ಲಿ ನಡೆದ ದೊಡ್ಡ ಜಗಳವೆಂದರೆ, ‘ಪುಣೆ ತಂಡ ನಮ್ಮದೋ ಅಲ್ಲವೋ?’

ಪುಣೆ ತಂಡ ಆಂಧ್ರದವರದ್ದು ಹೇಗಾದೀತು? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2015ರ ಜುಲೈ 14ರಂದು ನ್ಯಾಯಮೂರ್ತಿ ಲೋಧಾ ಸಮಿತಿ ಐಪಿಎಲ್‌ನ ಎರಡು ತಂಡಗಳನ್ನು, ಅಂದರೆ ಚೆನ್ನೈ ಮತ್ತು ರಾಜಸ್ಥಾನವನ್ನು, ಎರಡು ವರ್ಷ ಹೊರಗಿಟ್ಟಿತು. ತಂಡ ಎಂಟರಿಂದ ಆರಕ್ಕೆ ಇಳಿದರೆ ಪಂದ್ಯಾವಳಿ ನಡೆಯದು. ಅದಕ್ಕಾಗಿ ಎರಡೇ ಎರಡು ವರ್ಷದ ಮಟ್ಟಿಗೆ ಎರಡು ಹೊಸ ತಂಡಗಳನ್ನು ಹರಾಜು ಹಾಕಿದರು. ಈ ಹರಾಜು ಬಲು ವಿಚಿತ್ರವಾದದ್ದು. ಸಾಮಾನ್ಯ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಮಾಲು. ಇಲ್ಲಿ ಕಡಿಮೆ ಕೇಳಿದವನಿಗೆ ಮಾಲು! ಟೀವಿ ಹಕ್ಕು ಮೊದಲಾದವುಗಳಿಂದ ಬರುವ ಹಣದಲ್ಲಿ ಮಂಡಳಿಯು ಪ್ರತಿ ತಂಡಕ್ಕೂ ವರ್ಷಕ್ಕೆ ಪಾಲು ಕೊಡುತ್ತದೆ. ಹೊಸ ತಂಡಕ್ಕೆ ಆ ಪಾಲಿನ ಮೇಲ್ಮಿತಿ 40 ಕೋಟಿ ರೂಪಾಯಿ. ‘ನನಗೆ ಅದಕ್ಕಿಂತ ಕಡಿಮೆ ಸಾಕು’ ಎಂದು ಯಾರು ಕೆಳಗಿಳಿಯುತ್ತಾರೋ ಅವರು ಗೆದ್ದಂತೆ. ಸಂಜೀವ್ ಗೋಯೆಂಕಾ ಅವರ ಕಂಪನಿ ಸೊನ್ನೆಗಿಂತಲೂ ಕೆಳಗಿಳಿದು ಋಣ 16 ಕೋಟಿಗೆ ಕೂಗಿತು. ಅಂದರೆ ‘ನಮಗೆ ಪಾಲೂ ಬೇಡ, ಮೇಲೆ ವರ್ಷಕ್ಕೆ 16 ಕೋಟಿ ನಾವೇ ಕೊಡುತ್ತೇವೆ’ ಎಂದು ಅರ್ಥ. ಹೀಗೆ ಹುಟ್ಟಿದ್ದು ರೈಸಿಂಗ್ ಪುಣೆ ಸೂಪರ್‌ಜೈಂಟ್ಸ್. ಮಹೇಂದ್ರ ಸಿಂಗ್ ಧೋನಿಯನ್ನು 12.5 ಕೋಟಿಗೆ ಮೊದಲ ಆಯ್ಕೆಯಾಗಿ ತೆಗೆದುಕೊಂಡು ನಾಯಕನನ್ನಾಗಿ ಮಾಡಿದರು.

ನಮ್ಮ ಲೆಕ್ಕಶಾಸ್ತ್ರದಲ್ಲಿ ‘ಗೋಯಿಂಗ್ ಕನ್ಸರ್ನ್’ ಎಂಬ ತತ್ವವೊಂದಿದೆ. ವ್ಯಾಪಾರವು ಮುಂದೆಯೂ ನಡೆಯುತ್ತಲೇ ಇರುತ್ತದೆ ಎಂದು ನಂಬಿಕೊಂಡು ಲೆಕ್ಕ ಬರೆಯಬೇಕು ಅನ್ನೋದು ಅದರ ತಿರುಳು. ಈ ತಂಡಕ್ಕೆ ಮಾತ್ರ ಹುಟ್ಟುವಾಗಲೇ ಬಾಗಿಲು ಮುಚ್ಚುವ ತಾರೀಕು ಗೊತ್ತಿತ್ತು. ಇಂಥ ತಂಡಕ್ಕೆ ಅಭಿಮಾನಿಗಳು ಎಲ್ಲಿಂದ ಬರಬೇಕು ಹೇಳಿ?

ಇನ್ನು ಋತು ಅಂದರೆ ಏನು ಎಂದು ನೋಡೋಣ. 2016ರಲ್ಲಿ ಎಂಟು ತಂಡಗಳಿದ್ದವು. ಪ್ರತಿಯೊಂದು ತಂಡವೂ ಉಳಿದ ಏಳರೊಡನೆ ಎರಡೆರಡು ಸಲ ಆಡುತ್ತಿತ್ತು, ಒಂದು ತನ್ನೂರಲ್ಲಿ, ಒಂದು ಎದುರಾಳಿಯ ಊರಲ್ಲಿ. ಒಟ್ಟು 14 ಆಟ. ಗೆದ್ದರೆ 2 ಪಾಯಿಂಟು, ಸೋತರೆ ಸೊನ್ನೆ. ಪಾಯಿಂಟು ಸಮವಾದರೆ ನೆಟ್ ರನ್ ರೇಟು ನೋಡುತ್ತಾರೆ. ತಾನು ಓವರಿಗೆ ಸರಾಸರಿ ಹೊಡೆದ ರನ್ನಿನಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ಸರಾಸರಿಯನ್ನು ಕಳೆದರೆ ಅದು ಸಿಗುತ್ತದೆ. ಮೇಲಿನ ನಾಲ್ಕು ತಂಡ ಮುಂದಕ್ಕೆ, ಕೆಳಗಿನ ನಾಲ್ಕು ಮನೆಗೆ ಹೋಗುತ್ತಿದ್ದವು. ತನ್ನೂರಿನ ಏಳು ಆಟಗಳಲ್ಲಿ ಟಿಕೇಟಿನ ದುಡ್ಡು ತಂಡಕ್ಕೆ ಬರುತ್ತದೆ. ಪಿಚ್ಚಿನ ಗುಣ ಗೊತ್ತಿರುತ್ತದೆ, ಕೂಗುವ ಜನ ಇರುತ್ತಾರೆ. ಆದ್ದರಿಂದ ತವರು ಎಂಬುದು ಜಮೆಯ ಕಡೆಗೇ ಬರಬೇಕಾದ ಬಾಬತ್ತು.

ಪುಣೆಗೆ ಆ ಜಮೆಯೇ ಕೈತಪ್ಪಿತು. ಆ ವರ್ಷ ಮಹಾರಾಷ್ಟ್ರದಲ್ಲಿ ಘೋರ ಬರ. ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಹೋಯಿತು. ಏಪ್ರಿಲ್ 12ರಂದು ಬಂದ ಮೊದಲ ರೈಲಿನಲ್ಲಿ 10 ವ್ಯಾಗನ್ನು, ಒಟ್ಟು ಸುಮಾರು 5 ಲಕ್ಷ ಲೀಟರ್ ನೀರು. ಅದು ತುಂಬಿಕೊಂಡು ಹೊರಟದ್ದು ಕೃಷ್ಣಾ ಸೀಮೆಯ ಮಿರಜಿನಿಂದ. ಇತ್ತ ಮುಂಬಯಿ ಹೈಕೋರ್ಟಿನಲ್ಲಿ ಒಂದು ಅರ್ಜಿ: ಕ್ರಿಕೆಟ್ ಪಿಚ್ಚುಗಳಿಗೆ ಸುಮಾರು 60 ಲಕ್ಷ ಲೀಟರ್ ನೀರು ಬೇಕಾಗುತ್ತದೆ, ಇದು ನ್ಯಾಯವೇ ಎಂದು. ಆ ರೈಲಿನ ಲೆಕ್ಕದಲ್ಲಿ ಹನ್ನೆರಡು ಸಲ ಬಂದಷ್ಟು ನೀರು! ಶುದ್ಧೀಕರಿಸಿದ ಕೊಳಚೆ ನೀರು ಬಳಸುತ್ತೇವೆ ಎಂದು ಮಂಡಳಿಯವರು ಹೇಳಿದರು. ಆದರೂ ಏಪ್ರಿಲ್ 13ರಂದು ಕೋರ್ಟು, ಏಪ್ರಿಲ್ 30ರ ನಂತರದ ಆಟಗಳನ್ನು ರಾಜ್ಯದಿಂದ ಹೊರಗೆ ಒಯ್ಯಿರಿ ಎಂದು ಆಜ್ಞೆ ಮಾಡಿತು. ಮೇ 1ರ ಪುಣೆಯ ಆಟವೊಂದಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಆಗ ಪುಣೆ ಮತ್ತು ಮುಂಬಯಿ ಎರಡೂ ತಂಡಗಳು ಗಂಟುಮೂಟೆ ಕಟ್ಟಿಕೊಂಡು ಬಂದದ್ದು ವಿಶಾಖಪಟ್ಟಣಕ್ಕೆ.

ಹಾಗೆ ಆಂಧ್ರದವರಿಗೆ ತಂಡ ಬಂತು. 2014ರಲ್ಲಿ ರಾಜ್ಯ ಒಡೆದಾಗ ಹೈದರಾಬಾದು ತೆಲಂಗಾಣಕ್ಕೆ ಹೋಯಿತು, ಜೊತೆಗೆ ಐಪಿಎಲ್ ತಂಡವೂ ಹೋಯಿತು. 2015ರಲ್ಲಿ ಹೈದರಾಬಾದಿನವರು ವಿಶಾಖಪಟ್ಟಣದಲ್ಲಿ ಮೂರು ಆಟ ಆಡಿದ್ದುಂಟು, ಆದರೆ ತಂಡದ ಹೆಸರಿನಲ್ಲಿ ಊರು ಹೈದರಾಬಾದೇ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿಲೋಮೀಟರು. ಹೋಟೆಲಿನ ಯಾರೂ ಆಟಕ್ಕೆ ಹೋಗಲಿಲ್ಲ, ಆದರೂ ಟೀವಿಯಲ್ಲಿ ‘ವೈಜಾಗ್’ ಎಂದು ಬಂದ ಕೂಡಲೇ ಎಲ್ಲರ ಬೆನ್ನು ನೆಟ್ಟಗಾಗುತ್ತಿತ್ತು. ಅಲ್ಲಿನ ದೋಸೆ ಭಟ್ಟರು ಮಾತ್ರ, ‘ಬಾಡಿಗೆ ಮನೆಗೆ ತೋರಣ ಕಟ್ಟಿದ ಹಾಗಾಯ್ತು ನಿಮ್ಮ ಸಂಭ್ರಮ’ ಅಂತ ನಗುತ್ತಿದ್ದರು.

ಅದಾಗಲೇ ಪುಣೆಯ ಸ್ಥಿತಿ ಕೆಟ್ಟಿತ್ತು. ಪೀಟರ್ಸನ್, ಡುಪ್ಲೆಸಿ, ಸ್ಟೀವ್ ಸ್ಮಿತ್, ಮಿಚೆಲ್ ಮಾರ್ಷ್ ನಾಲ್ವರೂ ಪೆಟ್ಟು ಮಾಡಿಕೊಂಡು ಊರಿಗೆ ಹೋಗಿದ್ದರು. ವಿಶಾಖಪಟ್ಟಣದ ಮೊದಲ ಆಟ ಮೇ 10ರಂದು, ಎದುರಾಳಿ ಹೈದರಾಬಾದು. ಆಡಂ ಜಂಪಾ 19 ರನ್ನಿಗೆ 6 ವಿಕೆಟ್ ಕಿತ್ತ, ಎದುರಾಳಿಯದು 137. ಆದರೂ ಪುಣೆ 133ಕ್ಕೆ ನಿಂತು 4 ರನ್ನಿನಿಂದ ಸೋತಿತು. ಎರಡನೆಯದು ಮೇ 17ರಂದು ದೆಹಲಿಯ ಮೇಲೆ. ಆಟದ ನಡುವೆ ಮಳೆ ಬಂತು, ಡಕ್‌ವರ್ತ್-ಲೂಯಿಸ್ ಲೆಕ್ಕದಲ್ಲಿ ಪುಣೆ 19 ರನ್ನಿನಿಂದ ಗೆದ್ದಿತು. ಮಳೆಯಿಲ್ಲದೆ ಊರು ಬಿಟ್ಟು ಬಂದ ತಂಡ ಮಳೆಯಿಂದ ಗೆದ್ದದ್ದು ನೋಡಿ ಮಾಮಾ ಗಲ್ಲೆಯ ಮೇಲೆ ಕೈ ಬಡಿದು ನಕ್ಕ.

ಆ ರಾತ್ರಿ ಅವ್ವನ ಫೋನು ಬಂತು. ನಾನು ಮಳೆಯ ಆಟದ ಕತೆ ಹೇಳಹೋದೆ. ಅವ್ವ, ‘ಅಲ್ಲಿ ಮಳಿ ಬಂತೇನಪಾ? ಇಲ್ಲಿ ನಾಲ್ಕು ದಿನಕ್ಕ ಒಂದು ಟ್ಯಾಂಕರ್ ಬರ್ತೈತಿ. ನಿನ್ನ ಆಟ ಆಮ್ಯಾಲ ಹೇಳು, ಮಾಮಾಗ ಕೊಡು’ ಅಂದಳು. ನಾನು ಫೋನು ಕೊಟ್ಟೆ. ಆ ವರ್ಷ ನಮ್ಮ ಕಡೆಯೂ ಬರವೇ ಇತ್ತು. ನಮ್ಮೂರಿನ ಪಕ್ಕ ಹರಿಯುವ ಕೃಷ್ಣೆಯೇ ಮಿರಜಿನ ಸೀಮೆಯಿಂದ ಬರುವುದು, ಅದೇ ಕೃಷ್ಣೆಯೇ ಮುಂದೆ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಹೋಗುವುದು. ಆಗ ನನಗೆ ಇದು ಭೂಗೋಳದ ಪಾಠ ಮಾತ್ರ. ಒಂದೇ ಹೊಳೆಯ ಮೂರು ಕಡೆಯ ಜನ ಆ ಬೇಸಿಗೆಯಲ್ಲಿ ಒಂದೇ ವಸ್ತುವಿಗೆ ಕಾದಿದ್ದರು ಎಂದು ಈಗ ಅನ್ನಿಸುತ್ತದೆ.

ಕೊನೆಯ ಆಟ ಮೇ 21, ಶನಿವಾರ, ಪಂಜಾಬಿನ ಮೇಲೆ. ಎರಡೂ ತಂಡ 13 ಆಟದಲ್ಲಿ 4 ಗೆದ್ದು ತಲಾ 8 ಪಾಯಿಂಟಿನಲ್ಲಿದ್ದವು. ಮುಂದಕ್ಕೆ ಹೋಗುವ ಆಸೆ ಇಬ್ಬರಿಗೂ ಇರಲಿಲ್ಲ. ಕಟ್ಟಕಡೆಯ ಸ್ಥಾನ ಯಾರಿಗೆ ಅನ್ನೋದೊಂದೇ ಪ್ರಶ್ನೆ. ಗೆಲ್ಲಲು 173 ಬೇಕು. ಕೊನೆಯ ಓವರಿಗೆ 23 ಉಳಿಯಿತು. ಬೌಲರು ಅಕ್ಷರ್ ಪಟೇಲ್, ಬ್ಯಾಟಿನಲ್ಲಿ ಧೋನಿ. ಮೊದಲ ಚೆಂಡು ಸೊನ್ನೆ. ಆಮೇಲೆ ಒಂದು ವೈಡು. ಮುಂದಿನದು ಸಿಕ್ಸರು, ಅದರ ಮುಂದಿನದು ಮತ್ತೆ ಸೊನ್ನೆ. ಗಿರಾಕಿಗಳು ಬಿಲ್ಲು ಕೊಡಲು ಎದ್ದರು. ಮಾಮಾ, ‘ಕೂಡ್ರಿ, ಕೂಡ್ರಿ, ಬಿಲ್ಲು ಎಲ್ಲಿ ಓಡಿಹೋಗ್ತದೆ’ ಅಂದ. ನಂತರ ನಾಲ್ಕು, ಆರು, ಕೊನೆಯ ಚೆಂಡಿಗೆ ಮತ್ತೆ ಆರು. ಧೋನಿ 32 ಚೆಂಡಿಗೆ 64, ಔಟಾಗದೆ. ಅವರ ಮೊದಲ ಏಕದಿನ ಶತಕವೂ, ಪಾಕಿಸ್ತಾನದ ವಿರುದ್ಧದ 148, ಇದೇ ಮೈದಾನದಲ್ಲಿ 2005ರ ಏಪ್ರಿಲ್ 5ರಂದು ಬಂದದ್ದು. ಆ ಸಂಜೆ ಭಟ್ಟರು ಕೂಡ ದೋಸೆ ಸೀಯಲು ಬಿಟ್ಟು ಹೊರಗೆ ಬಂದು ಚಪ್ಪಾಳೆ ತಟ್ಟಿದರು.

ಈಗ ಲೆಕ್ಕ ಮುಗಿಸೋಣ. 14 ಆಟದಲ್ಲಿ 5 ಗೆಲುವು, 9 ಸೋಲು, 10 ಪಾಯಿಂಟು, ಏಳನೆಯ ಸ್ಥಾನ. ಇದನ್ನು ಊರುವಾರು ಒಡೆದು ನೋಡಿದರೆ ಸ್ವಾರಸ್ಯವಿದೆ. ಪರಊರಿನ 7 ಆಟದಲ್ಲಿ 3 ಗೆಲುವು. ವಿಶಾಖಪಟ್ಟಣದ 3 ಆಟದಲ್ಲಿ 2 ಗೆಲುವು. ಪುಣೆಯ 4 ಆಟದಲ್ಲಿ? ಒಂದೂ ಇಲ್ಲ! ಬೆಂಗಳೂರಿಗೆ 13 ರನ್ನಿನಿಂದ, ಕೋಲ್ಕತ್ತಾಗೆ 2 ವಿಕೆಟಿನಿಂದ, ಗುಜರಾತಿಗೆ ಕೊನೆಯ ಚೆಂಡಿನಲ್ಲಿ, ಮುಂಬಯಿಗೆ 8 ವಿಕೆಟಿನಿಂದ ಸೋತರು. ಸೋಲುಗಳು ಬಹುಪಾಲು ಕೂದಲೆಳೆಯವು. ಒಂಬತ್ತು ಸೋತರೂ ನೆಟ್ ರನ್ ರೇಟು ಋಣಕ್ಕೆ ಇಳಿಯದೆ 0.015 ಜಮೆಯಲ್ಲೇ ಉಳಿದದ್ದು ಅದಕ್ಕೇ. ಅದೇ ವಿಶಾಖಪಟ್ಟಣದಲ್ಲಿ ಮುಂಬಯಿ ಮೂರಾಡಿ ಒಂದೇ ಗೆದ್ದದ್ದರಿಂದ, ಊರಿನ ಮಹಿಮೆ ಎಂದು ಹೇಳಲೂ ಬಾರದು.

ಮುಂದಿನ ವರ್ಷ ತಂಡದ ಹೆಸರಿನ ಕೊನೆಯ ‘ಸ್’ ತೆಗೆದರು, ಸ್ಟೀವ್ ಸ್ಮಿತ್ ನಾಯಕನಾದ. 2017ರ ಅದೇ ಮೇ 21ರಂದು ಹೈದರಾಬಾದಿನ ಫೈನಲಿನಲ್ಲಿ ಮುಂಬಯಿಗೆ ಒಂದೇ ಒಂದು ರನ್ನಿನಿಂದ ಸೋತರು. ತಂಡದ ಖಾತೆ ಅಲ್ಲಿಗೆ ಮುಚ್ಚಿತು. 2021ರಲ್ಲಿ ಅದೇ ಗೋಯೆಂಕಾ ಅವರು ಲಖನೌ ತಂಡಕ್ಕೆ 7,090 ಕೋಟಿ ಕೂಗಿದರು. ವಿಶಾಖಪಟ್ಟಣ 2024 ಮತ್ತು 2025ರಲ್ಲಿ ದೆಹಲಿ ತಂಡಕ್ಕೆ ಎರಡೆರಡು ಆಟದ ತವರಾಯಿತು. ಆಂಧ್ರಕ್ಕೆ ತನ್ನದೇ ಐಪಿಎಲ್ ತಂಡ ಇನ್ನೂ ಬಂದಿಲ್ಲ.

ಕೊನೆಗೆ ನನ್ನನ್ನು ಕಾಡುವ ಪ್ರಶ್ನೆ. ಪುಣೆಯ ಮೈದಾನಕ್ಕೆ ಬಿಡದ ನೀರು ತಾನಾಗಿ ಲಾತೂರಿಗೆ ಹರಿಯಲಿಲ್ಲ, ನಮ್ಮೂರಿಗಂತೂ ಬರಲಿಲ್ಲ. ಹಾಗಾದರೆ ಕೋರ್ಟು ಮಾಡಿದ್ದು ವ್ಯರ್ಥವೇ? ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕುಡಿಯುವ ನೀರನ್ನಲ್ಲ, ಸಂಸ್ಕರಿಸಿದ ನೀರನ್ನು ಕೊಟ್ಟರು. ಆಟಕ್ಕೂ ನೀರಿನ ಲೆಕ್ಕ ಕೇಳಬಹುದು ಎಂಬುದನ್ನು ಜನ ಕಲಿತಿದ್ದಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಇಲ್ಲದ ಬಾಬತ್ತನ್ನು ಬರೆಸುವುದಕ್ಕೆ ಮೊದಲು ಯಾರಾದರೂ ಎದ್ದು ಕೇಳಬೇಕಲ್ಲ?

ಆ ರಜೆ ಮುಗಿಸಿ ಊರಿಗೆ ಬಂದಾಗ ನಾನು ಅವ್ವನಿಗೆ ಕೊನೆಯ ಓವರಿನ ಕತೆಯನ್ನು ಚೆಂಡು ಚೆಂಡಾಗಿ ಹೇಳಿದೆ. ಟ್ಯಾಂಕರಿನ ಸರತಿಯಲ್ಲಿ ಕೊಡ ಇಟ್ಟುಕೊಂಡು ನಿಂತು ಅವಳು ಪೂರ್ತಿ ಕೇಳಿದಳು. ಅವತ್ತು ಎರಡು ಕೊಡ ನಾನೇ ಹೊತ್ತೆ.