ಶಾರ್ಟ್‌ವೇವ್ ಹೊತ್ತು ತರುವ ಅಕ್ಷರ

2013ರ ಮಾರ್ಚ್‌ನಲ್ಲಿ ಅಮೆರಿಕದ ಸರ್ಕಾರಿ ಬಾನುಲಿ ಸಂಸ್ಥೆ ವಾಯ್ಸ್ ಆಫ್ ಅಮೆರಿಕ ವಾರಾಂತ್ಯಕ್ಕೊಂದು ಹೊಸ ಕಾರ್ಯಕ್ರಮ ಶುರುಮಾಡಿತು. ಅರ್ಧ ಗಂಟೆಯ ಕಾರ್ಯಕ್ರಮ. ಆರಂಭದಲ್ಲಿ ಒಂದಿಷ್ಟು ಮಾತು. ಆಮೇಲೆ ಮಾತೂ ಇಲ್ಲ, ಸಂಗೀತವೂ ಇಲ್ಲ. ರೇಡಿಯೊದಿಂದ ಬರೀ ಗುಳುಗುಳು ಸದ್ದು. ಆ ಸದ್ದನ್ನು ಕಂಪ್ಯೂಟರಿಗೆ ಕೇಳಿಸಿದರೆ ಪರದೆಯ ಮೇಲೆ ಸುದ್ದಿ ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು, ನಡುನಡುವೆ ಬಣ್ಣದ ಚಿತ್ರಗಳು ಗೆರೆಗೆರೆಯಾಗಿ ಇಳಿಯುತ್ತಿದ್ದವು. ಈ ‘ವಿಓಎ ರೇಡಿಯೋಗ್ರಾಂ’ ರೂಪಿಸಿದವರು ಕಿಮ್ ಆಂಡ್ರ್ಯೂ ಎಲಿಯಟ್, ಅದೇ ಸಂಸ್ಥೆಯಲ್ಲಿ ಕೇಳುಗರ ಬಗ್ಗೆ ಅಧ್ಯಯನ ಮಾಡುತ್ತಿದ್ದವರು. 2017ರಲ್ಲಿ ಅವರು ನಿವೃತ್ತರಾದಾಗ ಅದು ನಿಂತಿತು. ಆದರೆ ಅವರು ಬಿಡಲಿಲ್ಲ. ‘ಶಾರ್ಟ್‌ವೇವ್ ರೇಡಿಯೋಗ್ರಾಂ’ ಎಂಬ ಹೆಸರಿನಲ್ಲಿ ಫ್ಲಾರಿಡಾದ ಡಬ್ಲ್ಯುಆರ್‌ಎಂಐ ಮುಂತಾದ ಖಾಸಗಿ ಕೇಂದ್ರಗಳಿಂದ ಮುಂದುವರಿಸಿದರು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ, ಇದಕ್ಕೆ ಹೊಸ ಯಂತ್ರವೇ ಬೇಕಿಲ್ಲ. ವಾಯ್ಸ್ ಆಫ್ ಅಮೆರಿಕ ಬಳಸಿದ್ದು ಉತ್ತರ ಕೆರೊಲೈನಾದ ಗ್ರೀನ್‌ವಿಲ್‌ನಲ್ಲಿದ್ದ 1960ರ ದಶಕದ ಪ್ರೇಷಕಗಳನ್ನು. ಪ್ರೇಷಕಕ್ಕೆ ಕೊಡುವ ಸದ್ದು ಮನುಷ್ಯನ ಮಾತಾದರೇನು, ಕಂಪ್ಯೂಟರ್ ಹುಟ್ಟಿಸಿದ ಸ್ವರವಾದರೇನು, ಅದು ಎರಡನ್ನೂ ಒಂದೇ ರೀತಿ ಗಾಳಿಗೆ ಬಿಡುತ್ತದೆ. ಹಿಡಿಯುವ ಕಡೆಯೂ ಅಷ್ಟೇ. ಶಾರ್ಟ್‌ವೇವ್ ಇರುವ ಸಾಮಾನ್ಯ ರೇಡಿಯೊ ಸಾಕು. ಅದರ ಸ್ಪೀಕರಿನ ಮುಂದೆ ಲ್ಯಾಪ್‌ಟಾಪನ್ನೋ ತಕ್ಕ ಆ್ಯಪ್ ಇರುವ ಫೋನನ್ನೋ ಇಟ್ಟರೆ ಮೈಕಿನ ಮೂಲಕವೇ ಸದ್ದು ಓದಿಕೊಳ್ಳುತ್ತದೆ. ಹವ್ಯಾಸಿ ರೇಡಿಯೊ ಬಳಗದವರು ಬರೆದ ‘ಎಫ್‌ಎಲ್‌ಡಿಜಿ’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಆದರೆ ಶಾರ್ಟ್‌ವೇವ್ ಸುಗಮ ಹಾದಿಯಲ್ಲ. ಅಲೆ ನೆಲದಿಂದ ಮೇಲೇರಿ ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಒಂದೇ ಅಲೆ ಒಂದೇ ನೆಗೆತದಲ್ಲೂ ಬರಬಹುದು, ನೆಲ ಮುಟ್ಟಿ ಎರಡನೇ ಬಾರಿ ನೆಗೆದೂ ಬರಬಹುದು. ರೇಡಿಯೊ ಅಲೆ ಒಂದು ಮಿಲಿಸೆಕೆಂಡಿಗೆ 300 ಕಿಲೋಮೀಟರ್ ಓಡುವುದರಿಂದ, ಸುತ್ತು ಹಾದಿಯಲ್ಲಿ ಬಂದದ್ದು ಕೆಲವು ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಖಾಲಿ ಸಭಾಂಗಣದಲ್ಲಿ ಗಡಿಬಿಡಿಯಿಂದ ಮಾತಾಡಿದರೆ ಹಿಂದಿನ ಮಾತಿನ ಮಾರ್ದನಿ ಮುಂದಿನ ಮಾತಿನ ಮೇಲೆ ಬಿದ್ದು ಎರಡೂ ಕೆಡುವಂತೆ, ಇಲ್ಲೂ ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ. ಸಾಲದ್ದಕ್ಕೆ ಗುಡುಗು ಸಿಡಿಲಿನ ಕರಕರ, ನಿಮಿಷಕ್ಕೊಮ್ಮೆ ಕುಗ್ಗಿ ಹಿಗ್ಗುವ ದನಿ.

ಇದಕ್ಕೆ ಕಂಡುಕೊಂಡ ಪರಿಹಾರ ನಿಧಾನ. ರೇಡಿಯೋಗ್ರಾಂನಲ್ಲಿ ಹೆಚ್ಚಾಗಿ ಬಳಸುವ ವಿಧಾನ ಎಂಎಫ್‌ಎಸ್‌ಕೆ32. 1500 ಹರ್ಟ್ಸ್‌ನ ಆಚೀಚೆ, ಸುಮಾರು 500 ಹರ್ಟ್ಸ್ ಅಗಲದೊಳಗೆ 16 ಸ್ವರಗಳು. ಒಂದು ಹೊತ್ತಿಗೆ ಒಂದೇ ಸ್ವರ, ಅದೂ ಪೂರ್ತಿ 32 ಮಿಲಿಸೆಕೆಂಡು. ಮಾರ್ದನಿ ಬಂದು ಹೋಗುವಷ್ಟರಲ್ಲಿ ಸ್ವರದ ಬಹುಭಾಗ ಇನ್ನೂ ಬಾಕಿ ಇರುತ್ತದೆ, ಆದ್ದರಿಂದ ಅದು ಯಾವುದೆಂದು ಗುರುತಿಸಲು ತೊಡಕಿಲ್ಲ. ದನಿ ಜೋರಾಗಿದೆಯೋ ಕ್ಷೀಣವೋ ಎಂಬುದೂ ಮುಖ್ಯವಲ್ಲ. 16ರಲ್ಲಿ ಯಾವುದು ಎಂದು ತಿಳಿದರೆ ಸಾಕು. ಬ್ರಿಟಿಷ್ ವಿದೇಶಾಂಗ ಇಲಾಖೆ ತನ್ನ ರಾಯಭಾರ ಕಚೇರಿಗಳ ಜೊತೆ ಸಂಪರ್ಕಕ್ಕೆ ಬಳಸುತ್ತಿದ್ದ ‘ಪಿಕೊಲೊ’ ಎಂಬ ವ್ಯವಸ್ಥೆಯಲ್ಲೂ ಇದೇ ತತ್ವವಿತ್ತು. 2000ದ ಸುಮಾರಿಗೆ ನ್ಯೂಜಿಲೆಂಡಿನ ಮರ್ರೆ ಗ್ರೀನ್‌ಮನ್ ಮತ್ತು ಇಟಲಿಯ ನಿನೊ ಪೊರ್ಚಿನೊ ಅದನ್ನು ಮನೆಯ ಕಂಪ್ಯೂಟರಿಗೆ ತಂದು ಹವ್ಯಾಸಿಗಳ ಕೈಗಿಟ್ಟರು.

ಲೆಕ್ಕ ಹಾಕಿ ನೋಡೋಣ. 16 ಸ್ವರಗಳಲ್ಲಿ ಒಂದನ್ನು ಆರಿಸಿದರೆ 4 ಬಿಟ್ ಹೇಳಿದಂತೆ. ಸೆಕೆಂಡಿಗೆ 31.25 ಸ್ವರ, ಅಂದರೆ 125 ಬಿಟ್. ಇದರಲ್ಲಿ ಅರ್ಧ ಭಾಗ ತಪ್ಪು ತಿದ್ದಿಕೊಳ್ಳುವುದಕ್ಕೆ ಮೀಸಲು. ಕಳಿಸುವ ಮುನ್ನವೇ ಪ್ರತಿ ಅಕ್ಷರದ ಬಿಟ್‌ಗಳನ್ನು ಅಕ್ಕಪಕ್ಕದವುಗಳ ಜೊತೆ ಹೆಣೆದು, ಆಮೇಲೆ ಕಾಲದಲ್ಲಿ ದೂರದೂರ ಚೆದುರಿಸಿಡುತ್ತಾರೆ. ಮಿಂಚೊಂದು ಹೊಡೆದು ಒಂದು ಕ್ಷಣದ ಸದ್ದು ನಾಶವಾದರೂ ಒಂದೇ ಅಕ್ಷರ ಪೂರ್ತಿ ಕಾಣೆಯಾಗುವುದಿಲ್ಲ. ಹಲವು ಅಕ್ಷರಗಳ ಒಂದೊಂದು ಚೂರು ಹೋಗುತ್ತದೆ, ಉಳಿದ ಚೂರುಗಳಿಂದ ತಂತ್ರಾಂಶ ಅವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಸೆಕೆಂಡಿಗೆ 62.5 ಬಿಟ್, ಇಂಗ್ಲಿಷಿನಲ್ಲಾದರೆ ನಿಮಿಷಕ್ಕೆ ಸುಮಾರು 120 ಪದ. ಅಂತರಜಾಲದ ಮುಂದೆ ಇದು ಏನೇನೂ ಅಲ್ಲ. ಆದರೆ ಮಾತಾಗಿದ್ದರೆ ಒಂದು ಪದವೂ ಅರ್ಥವಾಗದಷ್ಟು ಗದ್ದಲದಲ್ಲೂ ಪಠ್ಯ ತಪ್ಪಿಲ್ಲದೆ ಬರುತ್ತದೆ.

ಚಿತ್ರದ ಕಥೆ ಬೇರೆ. ಡಿಜಿಟಲ್ ಎಂದು ಕರೆದರೂ ಇಲ್ಲಿ ಅದು ಹೋಗುವುದು ಹಳೆಯ ಫ್ಯಾಕ್ಸ್ ರೀತಿಯಲ್ಲಿ. ಪ್ರತಿ ಚುಕ್ಕೆಯ ಹೊಳಪಿಗೆ ತಕ್ಕಂತೆ ಸ್ವರ ಏರಿಳಿಯುತ್ತದೆ. ಒಂದೊಂದು ಗೆರೆಯ ಕೆಂಪು, ಹಸಿರು, ನೀಲಿ ಅಂಶಗಳು ಸರದಿಯಲ್ಲಿ ಬರುತ್ತವೆ. ತಪ್ಪು ತಿದ್ದುವ ಏರ್ಪಾಡಿಲ್ಲ. ದನಿ ಕುಗ್ಗಿದ ಗಳಿಗೆಯಲ್ಲಿ ಚಿತ್ರದ ಮೇಲೆ ಬಣ್ಣದ ಗೀಚು ಬೀಳುತ್ತದೆ, ಆದರೂ ಮುಖ ಯಾರದು, ನಕ್ಷೆ ಎಲ್ಲಿಯದು ಎಂದು ತಿಳಿಯುತ್ತದೆ. ಬೆರಳೆಣಿಕೆಯ ಬಿಟ್‌ಗಳು ಕೆಟ್ಟರೂ ತೆರೆದುಕೊಳ್ಳದೆ ಹೋಗುವ ಕಂಪ್ಯೂಟರ್ ಫೈಲಿಗಿಂತ ಈ ಹಾದಿಗೆ ಇದೇ ಮೇಲು. ನಡುಗಡಲಿನ ಹಡಗುಗಳಿಗೆ ಹವಾಮಾನ ನಕ್ಷೆಗಳನ್ನು ಶಾರ್ಟ್‌ವೇವ್ ಫ್ಯಾಕ್ಸ್ ದಶಕಗಳಿಂದ ಹೀಗೇ ಮುಟ್ಟಿಸಿದೆ: 1500 ಹರ್ಟ್ಸ್ ಅಂದರೆ ಕಪ್ಪು, 2300 ಅಂದರೆ ಬಿಳಿ.

ಇಷ್ಟೆಲ್ಲ ಯಾಕೆ? 2011ರ ಜನವರಿಯಲ್ಲಿ ಈಜಿಪ್ಟ್ ಸರ್ಕಾರ ಇಡೀ ದೇಶದ ಅಂತರಜಾಲವನ್ನೇ ಕಡಿದುಹಾಕಿತು. 2022ರ ಮಾರ್ಚ್‌ನಲ್ಲಿ ರಷ್ಯದ ದಾಳಿಯ ಬೆನ್ನಲ್ಲೇ ಬಿಬಿಸಿ ಉಕ್ರೇನಿಗಾಗಿ ಶಾರ್ಟ್‌ವೇವ್ ಪ್ರಸಾರವನ್ನು ಮತ್ತೆ ಹೂಡಿತು. ಜಾಲವನ್ನು ಒಂದು ಆದೇಶದಿಂದ ನಿಲ್ಲಿಸಬಹುದು; ಗಡಿಯಾಚೆಯ ಪ್ರೇಷಕವನ್ನು ನಿಲ್ಲಿಸಲಾಗದು. ರೇಡಿಯೊ ಕೇಳುವವರು ಯಾರೆಂಬ ದಾಖಲೆ ಎಲ್ಲೂ ಉಳಿಯುವುದಿಲ್ಲ. ಶಾರ್ಟ್‌ವೇವ್ ಕೇಂದ್ರಗಳನ್ನು ದುಂದು ಎಂದು ಒಂದೊಂದಾಗಿ ಮುಚ್ಚುತ್ತಿರುವ ದೇಶಗಳು ಇದನ್ನು ಯೋಚಿಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಆಕಾಶವಾಣಿ ಸ್ಥಾಪಿಸಿದ 500 ಕಿಲೋವ್ಯಾಟ್‌ನ ಶಾರ್ಟ್‌ವೇವ್ ಪ್ರೇಷಕಗಳಿಗೂ ಇಂಥ ಸದ್ದು ಕಳಿಸುವುದು ಹಾಡು ಕಳಿಸಿದಷ್ಟೇ ಸಲೀಸು.

ಕನ್ನಡ ಕಳಿಸುವುದಾದರೆ ಮಾತ್ರ ಒಂದು ಅಡ್ಡಿಯಿದೆ. ಎಂಎಫ್‌ಎಸ್‌ಕೆಯ ಸಂಕೇತ ಪಟ್ಟಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಿಗೆ ಗಿಡ್ಡ ಸಂಕೇತ, ಮಿಕ್ಕವಕ್ಕೆಲ್ಲ ಉದ್ದನೆಯವು. ಯುನಿಕೋಡ್ ಬರಹವನ್ನು ಕಳಿಸುವ ಸಾಮಾನ್ಯ ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ‘ಕ್ಷಿ’ ಎಂಬ ಒಂದು ಅಕ್ಷರದಲ್ಲಿ ಕ, ಅರ್ಧಾಕ್ಷರದ ಗುರುತು, ಷ, ಗುಡಿಸು ಎಂದು ನಾಲ್ಕು ಗುರುತುಗಳಿರುವುದರಿಂದ 12 ಬೈಟ್, ಅವೆಲ್ಲವೂ ಉದ್ದನೆಯ ಸಂಕೇತಗಳು. ಹೀಗಾಗಿ ಅದೇ ಸುದ್ದಿ ಕನ್ನಡದಲ್ಲಿ ಹಲವು ಪಟ್ಟು ಹೊತ್ತು ಹಿಡಿಯುತ್ತದೆ. ಬರಹವನ್ನು ಚಿತ್ರವಾಗಿಸಿ ಕಳಿಸಬಹುದು, ಆದರೆ ಆಗ ತಪ್ಪು ತಿದ್ದುವ ಅನುಕೂಲ ಕೈಬಿಟ್ಟುಹೋಗುತ್ತದೆ. ಸರಿಯಾದ ದಾರಿ ಕನ್ನಡಕ್ಕೇ ಒಂದು ಪಟ್ಟಿ ಮಾಡುವುದು. ಮೋರ್ಸ್ ಸಂಕೇತದಲ್ಲಿ ಇಂಗ್ಲಿಷಿನ ‘ಇ’ಗೆ ಒಂದೇ ಚುಕ್ಕೆ ಕೊಟ್ಟಿರುವಂತೆ, ನಮ್ಮ ಬರಹದಲ್ಲಿ ಪದೇ ಪದೇ ಬರುವ ರ, ದ, ನ, ಅರ್ಧಾಕ್ಷರದ ಗುರುತುಗಳಿಗೆ ಗಿಡ್ಡ ಸಂಕೇತ ಕೊಟ್ಟು, ಝ, ಞಗಳಂಥವಕ್ಕೆ ಉದ್ದನೆಯವನ್ನು ಉಳಿಸುವುದು. ಯಾವ ಗುರುತು ಎಷ್ಟು ಸಲ ಬರುತ್ತದೆಂದು ಒಂದಿಷ್ಟು ಪತ್ರಿಕೆಗಳ ಪಠ್ಯದಿಂದ ಎಣಿಸಿಕೊಂಡರೆ ಮಿಕ್ಕದ್ದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೂ ಎಟಕುವ ಲೆಕ್ಕ, ಪ್ರೇಷಕದಲ್ಲಿ ಬದಲಿಸಬೇಕಾದ್ದು ಏನೂ ಇಲ್ಲ.