ಪಿಕಪ್ ಇರುವುದು ಪೆಟ್ಟಿಗೆಯೊಳಗಲ್ಲ

ಶಹಾಪುರ, ಸುರಪುರಗಳನ್ನು ಹಾದು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟುವ 150ಎ ಹೆದ್ದಾರಿಯಲ್ಲಿ, ಹತ್ತಿ ಹೇರಿಕೊಂಡ ಲಾರಿಯ ಹಿಂದೆ ಸಿಕ್ಕಿಬಿದ್ದ ಸಣ್ಣ ಕಾರಿನ ಚಾಲಕ ಬಯಸುವುದು ಇನ್ನಷ್ಟು ಪಿಕಪ್ಪನ್ನು. ಅದನ್ನು ಪಡೆಯಲು ಮೂರು ದಾರಿಗಳು ಬಳಕೆಯಲ್ಲಿವೆ: ಹೆಚ್ಚು ಶಕ್ತಿಯ ಮಾದರಿಯೊಂದರ ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರನ್ನು, ಗುಜರಿಯಿಂದ ತಂದು ಕೂರಿಸುವುದು, ಇರುವ ಇಸಿಎಂನೊಳಗಿನ ಲೆಕ್ಕಗಳನ್ನು ಲ್ಯಾಪ್‌ಟಾಪ್ ಜೋಡಿಸಿ ತಿದ್ದುವುದು, ಸೆನ್ಸರ್ ಮತ್ತು ಇಸಿಎಂಗಳ ನಡುವೆ ಪುಟ್ಟ ಪೆಟ್ಟಿಗೆಯೊಂದನ್ನು ಸೇರಿಸುವುದು. ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆ ಪವರ್‌ಟ್ರಾನಿಕ್ ಎಂಬ ಇಂಥ ಪೆಟ್ಟಿಗೆಗಳನ್ನೇ ತಯಾರಿಸುತ್ತದೆ. ರೇಸಿನ ಅಂಗಳದಲ್ಲಿ ಈ ಕೌಶಲಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಯಾದಗಿರಿ ಜಿಲ್ಲೆಯ ಬಿಸಿಲು ದೂಳಿನಲ್ಲಿ ದಿನವೂ ಮನೆಮಂದಿಯನ್ನು ಹೊತ್ತು ಓಡುವ ಕಾರಿಗೆ ಇದು ನಷ್ಟದ ವ್ಯವಹಾರ ಎಂಬುದು ನನ್ನ ವಾದ.

ಇಸಿಎಂ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಹಂಚುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಂಬಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರುಗಂಟಿ ತೂಬನ್ನು ಎಷ್ಟು ಎತ್ತಿದರೂ ಕಾಲುವೆಯಲ್ಲಿ ಇದ್ದಷ್ಟೇ ನೀರು ಹರಿಯುತ್ತದೆ. ಮಿತಿಮೀರಿ ಎತ್ತಿದರೆ ಗದ್ದೆಯ ಬದು ಒಡೆಯುತ್ತದೆ. ಎಂಜಿನ್ನಿನ ಕಾಲುವೆಯಲ್ಲಿ ಹರಿಯುವುದು ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರು ತಾನು ಎಳೆದುಕೊಳ್ಳಬಲ್ಲಷ್ಟು ಗಾಳಿಯನ್ನು ಈಗಾಗಲೇ ಎಳೆದುಕೊಳ್ಳುತ್ತಿರುತ್ತದೆ. ಕಂಪ್ಯೂಟರ್ ತಿದ್ದಿ ಅಲ್ಲಿ ಗಳಿಸುವುದು ಅತ್ಯಲ್ಪ. ಟರ್ಬೊ ಇರುವ ಕಾರಿನಲ್ಲಾದರೆ ಗಾಳಿಯ ಒತ್ತಡವನ್ನೂ ಇಂಧನವನ್ನೂ ಏರಿಸಿ ಗಣನೀಯ ಶಕ್ತಿ ಪಡೆಯಬಹುದು. ಆ ಹೆಚ್ಚುವರಿ ಬೆಂಕಿಯ ಝಳವನ್ನು ಪಿಸ್ಟನ್, ಟರ್ಬೊ, ಕ್ಲಚ್ ಪ್ಲೇಟುಗಳೇ ತಾಳಿಕೊಳ್ಳಬೇಕು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಮಾರುತಿ ಸ್ವಿಫ್ಟ್‌ನಲ್ಲಿದ್ದ 1248 ಸಿಸಿ ಫಿಯಟ್ ಮೂಲದ ಡೀಸೆಲ್ ಎಂಜಿನ್ ಸುಮಾರು 75 ಅಶ್ವಶಕ್ತಿ ಕೊಡುತ್ತಿತ್ತು. ಅದೇ 1248 ಸಿಸಿ ಎಂಜಿನ್ ಎರ್ಟಿಗಾದಲ್ಲಿ 90 ಕೊಡುತ್ತಿತ್ತು. ಹಾಗಿದ್ದರೆ ಕಂಪನಿಯೇ 15 ಅಶ್ವಶಕ್ತಿಯನ್ನು ಬೀಗ ಹಾಕಿಟ್ಟಿತ್ತಲ್ಲವೇ, ಎರ್ಟಿಗಾದ ಇಸಿಎಂ ತಂದರೆ ಬೀಗ ತೆರೆಯುವುದಿಲ್ಲವೇ? ತೆರೆಯುವುದಿಲ್ಲ. 90ರ ಎಂಜಿನ್ನಿಗೆ ರೆಕ್ಕೆಗಳ ಕೋನವನ್ನು ಬದಲಿಸಿಕೊಳ್ಳುವ ಬೇರೆಯದೇ ಟರ್ಬೊ ಇತ್ತು. ಆ ಇಸಿಎಂ ತನ್ನ ಕೈಯಲ್ಲಿರುವುದು ಅಂಥ ಟರ್ಬೊ ಎಂದುಕೊಂಡೇ ಆಜ್ಞೆ ಕೊಡುತ್ತದೆ. ಸ್ವಿಫ್ಟ್‌ನ ಸಾದಾ ಟರ್ಬೊ ಅದನ್ನು ಪಾಲಿಸಲಾರದು. ಸಾಲದ್ದಕ್ಕೆ, ಈ ಕಾಲದ ಇಸಿಎಂ ತನ್ನ ಕಾರಿನ ಕೀಲಿಯ ಗುಪ್ತ ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ. ಬೇರೆ ಕಾರಿಗೆ ಹಾಕಿದರೆ ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ಅನೇಕ ಡೀಸೆಲ್ ಕಾರುಗಳಲ್ಲಿ ಒಂದೊಂದು ನಾಜಲ್‌ನ ತಿದ್ದುಪಡಿ ಸಂಖ್ಯೆಯೂ ಅದರಲ್ಲಿ ಬರೆದಿರುತ್ತದೆ.

ತಯಾರಕರು ಶಕ್ತಿಯಲ್ಲಿ ಒಂದಿಷ್ಟು ಅಂತರ ಉಳಿಸಿಟ್ಟಿರುತ್ತಾರೆ ಎಂಬುದು ನಿಜ. ಅದು ಯಾರ ಸಲುವಾಗಿ ಎಂದು ಕೇಳಬೇಕು. ಯಾದಗಿರಿಯ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯ. ಒಂದೇ ಒತ್ತಡದಲ್ಲಿ 45 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 6ರಷ್ಟು ತೆಳು. ಗಾಳಿ ಕಡಿಮೆಯಾದಾಗ ಇಂಧನವನ್ನೂ ತಗ್ಗಿಸಿ ಎಂಜಿನ್ನನ್ನು ಕಾಯುವುದು ಇಸಿಎಂನ ಕೆಲಸ. ಅಗ್ಗದ ಡೀಸೆಲ್ ಪೆಟ್ಟಿಗೆಗಳು ಆ ಕಾವಲನ್ನೇ ವಂಚಿಸುತ್ತವೆ: ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ಸುಳ್ಳು ವರದಿ ಕೊಡುತ್ತವೆ, ಅದನ್ನು ನಂಬಿದ ಇಸಿಎಂ ಒತ್ತಡ ಏರಿಸುತ್ತದೆ. ದೂಳಿನಿಂದ ಏರ್ ಫಿಲ್ಟರ್ ಅರ್ಧ ಕಟ್ಟಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಉಳಿಸಿಟ್ಟ ಆ ಅಂತರ ನಮ್ಮ ಬೇಸಿಗೆಯ ಪಾಲು.

ಜೀವ ಉಳಿಸುವ ಓವರ್‌ಟೇಕ್‌ಗಾದರೂ ಶಕ್ತಿ ಬೇಡವೇ ಎಂದು ಕೇಳಬಹುದು. ಬೇಕು, ಅದು ಕಾರಿನಲ್ಲಿಯೇ ಇದೆ. ಸ್ವಿಫ್ಟ್ ಡೀಸೆಲ್ ನಿಮಿಷಕ್ಕೆ 2000 ಸುತ್ತಿನಲ್ಲಿ ತನ್ನ ಗರಿಷ್ಠ 190 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತಿದ್ದಾಗಲೂ ಹೊರಬರುವ ಶಕ್ತಿ 54 ಅಶ್ವಶಕ್ತಿಯಷ್ಟೇ. 75 ಸಿಗುವುದು 4000 ಸುತ್ತಿನಲ್ಲಿ. ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಕೂರದೆ ಗೇರ್ ಇಳಿಸಿ ಎಂಜಿನ್ನಿಗೆ ಸುತ್ತು ಏರಲು ಬಿಟ್ಟರೆ ಹೆಚ್ಚುವರಿಯಾಗಿ ದೊರೆಯುವುದು 20ಕ್ಕೂ ಮೇಲ್ಪಟ್ಟ ಅಶ್ವಶಕ್ತಿ. ಸ್ವಿಫ್ಟ್‌ಗೂ ಎರ್ಟಿಗಾಕ್ಕೂ ಇದ್ದ 15ರ ವ್ಯತ್ಯಾಸಕ್ಕಿಂತ ಅದು ದೊಡ್ಡದು, ಖರ್ಚು ಸೊನ್ನೆ. ಇನ್ನು ಗರಿಷ್ಠ ವೇಗದ ಮಾತು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ, ಶಕ್ತಿ ಶೇ. 20 ಹೆಚ್ಚಿದರೂ ವೇಗ ಹೆಚ್ಚುವುದು ಶೇ. 6ರಷ್ಟು ಮಾತ್ರ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಕುರಿ ಹಿಂಡುಗಳು ಹಂಚಿಕೊಳ್ಳುವ ರಸ್ತೆಯಲ್ಲಿ ಆ ಶೇ. 6 ಯಾರಿಗೂ ಬೇಕಿಲ್ಲ.

ನನ್ನ ಕಾರು, ನನ್ನ ಇಷ್ಟ ಎನ್ನುವವರಿಗೆ ಕಾನೂನಿನ ಉತ್ತರವಿದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಬದಲಾವಣೆಗೆ 2019ರ ತಿದ್ದುಪಡಿ ಆರು ತಿಂಗಳವರೆಗಿನ ಸೆರೆ, ಅಥವಾ ಬದಲಾವಣೆಯೊಂದಕ್ಕೆ 5000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ವಿಮೆಯ ತಕರಾರಿಗೂ ದಾರಿಯಾಗಬಹುದು. ಕಾನೂನಿನಾಚೆಗೂ ಒಂದು ಮಾತಿದೆ: ನಮ್ಮ ಕಾರಿನ ಕಪ್ಪು ಹೊಗೆ ಹಿಂದಿನ ಬೈಕಿನವರ ಎದೆಗೇ ಇಳಿಯುತ್ತದೆ.

ಪಿಕಪ್ ಕುಗ್ಗಿದೆ ಎಂದು ಬರುವ ಹಳೆಯ ಕಾರು ಬಹುಪಾಲು ತನ್ನ ಹುಟ್ಟು ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ದೂಳು ಕಟ್ಟಿದ ಏರ್ ಫಿಲ್ಟರ್, ಸೋರುವ ಟರ್ಬೊ ಪೈಪು, ಸವೆದ ನಾಜಲ್, ಜಾರುವ ಕ್ಲಚ್, ಗಾಳಿ ಇಳಿದ ಟೈರು: ಒಂದೊಂದೂ ಒಂದಿಷ್ಟು ಕದ್ದಿರುತ್ತದೆ. ಇಸಿಎಂಗೆ ಇಡುವ ಹಣವನ್ನು ಮೊದಲು ಇವಕ್ಕೂ ಬ್ರೇಕಿಗೂ ಹಾಕಲಿ. ಮೆಕ್ಯಾನಿಕ್ ಬಳಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ಹೊಸದಾಗಿ ಬಂದ ದಿನ ಕೊಡುತ್ತಿದ್ದ 75ರಲ್ಲಿ ಇವತ್ತು ಎಷ್ಟು ಉಳಿದಿದೆ?